ಮನೋರೋಗದ ಶುಶ್ರೂಷೆಯೂ ದೂರವಾಣಿಯೂ: ರಾಯಚೂರು ಸೀಮೆಯಿಂದ ಕಂಡಂತೆ

ಕರ್ನಾಟಕದಲ್ಲಿ ಮನೋರೋಗ ಚಿಕಿತ್ಸೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದನ್ನು ಕಟ್ಟಡಗಳ ಇತಿಹಾಸವಾಗಿ ಬರೆದಿದ್ದಾರೆ. ಧಾರವಾಡದಲ್ಲಿ 1845ರಲ್ಲಿಯೂ ಬೆಂಗಳೂರಿನಲ್ಲಿ 1847ರಲ್ಲಿಯೂ ತೆರೆದ ಹುಚ್ಚಾಸ್ಪತ್ರೆಗಳಿಂದ ಹೊರಟು, ಬೆಂಗಳೂರಿನ ಸಂಸ್ಥೆಗೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಬಂದುದು, 1954ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಸ್ಥಾಪಿತವಾದುದು, 1974ರ ಡಿಸೆಂಬರಿನಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆದುದು, ಎಂದು ಹೀಗೆ ಮುಂದುವರಿಯುವುದೇ ಆ ಬರವಣಿಗೆಯ ಕ್ರಮ. ಕ್ರಮವೇನೋ ತಪ್ಪಲ್ಲ. ಆದರೆ ಅಂತಹ ಕಟ್ಟಡವೊಂದೂ ಏಳದ ಸೀಮೆಯ ಜನರ ವಿಷಯದಲ್ಲಿ ಅದಕ್ಕೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬು ಅಂತಹದೊಂದು ಸೀಮೆ. ಇಲ್ಲಿಯ ಮನೋರೋಗಿಯ ಇತಿಹಾಸ ಕಟ್ಟಡದ ಇತಿಹಾಸವಲ್ಲ. ಅವನಿಗೂ ಕಟ್ಟಡಕ್ಕೂ ನಡುವೆ ಇದ್ದ ದೂರದ ಇತಿಹಾಸ.

ಈ ದೂರವನ್ನು ಈಚಿನ ವರ್ಷಗಳಲ್ಲಿ ದೂರವಾಣಿಯೂ ಗಣಕಯಂತ್ರವೂ ಇಲ್ಲವಾಗಿಸಿದುವೆಂದು ಹೇಳುವುದು ರೂಢಿಯಾಗಿದೆ. 2022ರ ಅಕ್ಟೋಬರ್ 10ರಿಂದ 14416 ಎಂಬ ಐದಂಕಿಯ ಸಂಖ್ಯೆಯನ್ನು ಒತ್ತಿ ದೇಶದ ಯಾವ ಮೂಲೆಯವರಾದರೂ, ಯಾವ ಹೊತ್ತಿನಲ್ಲಾದರೂ, ಶುಲ್ಕವಿಲ್ಲದೆ ಆಪ್ತಸಲಹೆಗಾರರೊಡನೆ ಮಾತನಾಡಬಹುದಾಗಿದೆ. ಇದನ್ನು ಯಂತ್ರದ ವಿಜಯವೆಂದು ಬಣ್ಣಿಸುವವರ ಮಾತಿನಲ್ಲಿ ಅರ್ಧ ಸತ್ಯವುಂಟು. ಯಂತ್ರವು ಹೊತ್ತು ತಂದ ಸರಕು ಯಂತ್ರಕ್ಕಿಂತ ಹಳೆಯದು. ಮನೋವೈದ್ಯ ಜ್ಞಾನವನ್ನು ಹಗುರ ಮಾಡಿ, ಹಳ್ಳಿಯವರೆಗೆ ಹೊರಬಹುದಾದ ಹೊರೆಯಾಗಿ ಕಟ್ಟಿಕೊಟ್ಟ ಕೆಲಸ 1975ರಿಂದ 1990ರವರೆಗಿನ ಅವಧಿಯಲ್ಲಿ ಈ ಸೀಮೆಯ ನೆರೆಯಲ್ಲಿಯೇ, ಕಾಗದ ಮತ್ತು ಲೇಖನಿಗಳಿಂದ, ನಡೆದುಹೋಗಿದ್ದಿತು. ಆ ಕೆಲಸದಲ್ಲಿ ಹಗುರವಾಗದೆ ಉಳಿದದ್ದು ಯಾವುದೋ ಅದು ಇಂದಿಗೂ ತಂತಿಯ ಮೇಲೆ ಸರಾಗವಾಗಿ ಹರಿಯುತ್ತಿಲ್ಲ. ಪ್ರಸ್ತುತ ಲೇಖನದ ವಾದ ಇಷ್ಟು.

ರಾಯಚೂರು ನಗರದಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಕಲ್ಮಲದ ಬಳಿ ಕವಲೊಡೆಯುತ್ತದೆ. ಒಂದು ಕವಲು ಲಿಂಗಸುಗೂರಿನ ಕಡೆಗೂ ಇನ್ನೊಂದು ಮಾನ್ವಿ, ಸಿಂಧನೂರುಗಳ ಕಡೆಗೂ ಹೋಗುತ್ತವೆ. ಕರಿಯಪ್ಪ ತಾತನ ಗುಡಿಯಿಂದ ಸುತ್ತಲ ಜನರಿಗೆ ಪರಿಚಿತವಾದ ಈ ಊರು 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ವಿಧಾನಸಭೆಯ ಒಂದು ಕ್ಷೇತ್ರಕ್ಕೆ ತನ್ನ ಹೆಸರನ್ನು ಕೊಟ್ಟಿದ್ದಿತು. ಇಲ್ಲಿಂದ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು ದೂರ; ಹೈದರಾಬಾದು ಅದರ ಅರ್ಧದಷ್ಟು. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುತ್ತವೆ.

1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿದ್ದ ಕೆಲವು ವರ್ಷಗಳನ್ನು ಬಿಟ್ಟರೆ ರಾಯಚೂರು ದೋಆಬು ನಿಜಾಮರ ಆಳ್ವಿಕೆಯ ಭಾಗವಾಗಿದ್ದಿತು. ಬೊಂಬಾಯಿ ಮತ್ತು ಮದರಾಸುಗಳ ರೈಲುಹಾದಿಗಳು 1871ರಲ್ಲಿ ಒಂದನ್ನೊಂದು ಸಂಧಿಸಿದ್ದು ರಾಯಚೂರಿನಲ್ಲಿಯೇ. ದೇಶದ ಎರಡು ಮಹಾನಗರಗಳನ್ನು ಕೂಡಿಸಿದ ಊರು ತನ್ನ ಸುತ್ತಲ ಹಳ್ಳಿಗಳನ್ನು ಒಂದು ಆಸ್ಪತ್ರೆಗೆ ಕೂಡಿಸಲಾರದೆ ಹೋದದ್ದು ವಿಚಿತ್ರವೇ ಸರಿ. ಸಂಸ್ಥಾನದ ಮನೋರೋಗದ ಆಸ್ಪತ್ರೆ ಇದ್ದದ್ದು ಮರಾಠವಾಡೆಯ ಜಾಲನಾದಲ್ಲಿ. 1950ರ ದಶಕದ ಆರಂಭದಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂದಿತು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರಿನಲ್ಲಿ ಸೇರಿದಾಗ ಕಾಗದದ ಮೇಲೆ ಇಲ್ಲಿಯ ರೋಗಿಗೆ ಆಸ್ಪತ್ರೆ ಬದಲಾಯಿತು. ರೈಲಿನ ಹಾದಿ ಬದಲಾಗಲಿಲ್ಲ. ಹತ್ತಿರದ ದೊಡ್ಡ ಊರು ಹೈದರಾಬಾದೇ ಆಗಿ ಉಳಿಯಿತು. ಇಂದಿಗೂ ಕಷ್ಟದ ಕಾಯಿಲೆಗೆ ಈ ಕಡೆಯವರು ಆ ದಿಕ್ಕನ್ನೇ ಹಿಡಿಯುವುದು ಸಾಮಾನ್ಯ.

ದೂರವೆಂದರೆ ಕಿಲೋಮೀಟರುಗಳು ಮಾತ್ರವಲ್ಲ. ಬ್ರಿಟಿಷ್ ಭಾರತದಲ್ಲಿ 1858ರ ಕಾಯಿದೆ, ಅನಂತರ 1912ರ ಕಾಯಿದೆ, ಮನೋರೋಗಿಯನ್ನು ಮುಖ್ಯವಾಗಿ ಪೋಲೀಸು ಮತ್ತು ಮ್ಯಾಜಿಸ್ಟ್ರೇಟರ ಮೂಲಕ ಆಸ್ಪತ್ರೆಗೆ ಸೇರಿಸುವ ವಿಧಾನವನ್ನು ಗೊತ್ತುಮಾಡಿದುವು. ಸ್ವಾತಂತ್ರ್ಯಾನಂತರವೂ 1912ರ ಕಾಯಿದೆಯೇ ಮುಂದುವರಿದು, ಅದರ ಸ್ಥಾನದಲ್ಲಿ ಬಂದ 1987ರ ಶಾಸನ ಜಾರಿಯಾದುದು 1993ರಲ್ಲಿ. ಆಸ್ಪತ್ರೆಯ ಬಾಗಿಲಿಗೆ ಕಚೇರಿಯ ಹಾದಿಯಿಂದ ಹೋಗಬೇಕಾಗಿದ್ದ ಕಾಲದಲ್ಲಿ ಬಡವರ ಮನೆಯವರು ಆ ಹಾದಿಯನ್ನು ಹಿಡಿಯದೆ ಗುಡಿಯ ಹಾದಿಯನ್ನು ಹಿಡಿದುದರಲ್ಲಿ ಅಜ್ಞಾನಕ್ಕಿಂತ ವಿವೇಕವೇ ಹೆಚ್ಚೆಂದು ಹೇಳಬಹುದು. ಭೀಮಾತೀರದ ಗಾಣಗಾಪುರಕ್ಕೆ ಗಾಳಿ ಸೋಕಿದವರನ್ನೂ ಮೈಮೇಲೆ ಬರುವವರನ್ನೂ ಕರೆದೊಯ್ಯುವುದು ಇಡೀ ಕಲ್ಯಾಣ ಕರ್ನಾಟಕದಲ್ಲಿ ರೂಢಿಯಾಗಿ ಬಂದಿದೆ. ಅಲ್ಲಿ ಅರ್ಜಿ ಬೇಕಾಗಿರಲಿಲ್ಲ. ರೋಗಿಯೊಡನೆ ಮನೆಯವರೂ ಇರಬಹುದಾಗಿದ್ದಿತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಆಡುವ ಮಾತು ಮನೆಯ ಮಾತೇ ಆಗಿದ್ದಿತು.

ಈ ಕೊನೆಯ ಸಂಗತಿಯನ್ನು ಶಾಸ್ತ್ರೀಯವಾಗಿ ಗಮನಿಸಿದ ಮೊದಲ ದೊಡ್ಡ ಅಧ್ಯಯನ ನಡೆದದ್ದು ಕನ್ನಡನಾಡಿನ ಇನ್ನೊಂದು ತುದಿಯಲ್ಲಿ, ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ. ಸ್ಕಾಟ್ಲಂಡಿನ ಮನೋವೈದ್ಯ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಅಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಮನೆಮನೆಗೆ ಹೋಗಿ ವಿಚಾರಿಸಿ ತಮ್ಮ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲೇ, 1974ರಲ್ಲಿ, ಭಾರತದ ರೋಗಿಗಳನ್ನು ಪ್ರಶ್ನಿಸುವುದಕ್ಕೆಂದು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದರು. ವಿಲಾಯಿತಿಯ ಪ್ರಶ್ನಾವಳಿಯನ್ನು ಹಾಗೆಯೇ ಭಾಷಾಂತರಿಸಿದರೆ ಹಳ್ಳಿಯವನ ಸಂಕಟ ಅದರ ಜಾಲರಿಯಲ್ಲಿ ಸಿಗದೆ ಜಾರಿಹೋಗುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು. ಮನಸ್ಸಿನ ನೋವು ಇಲ್ಲಿ ಮೈಯ ನೋವಾಗಿ ಮಾತನಾಡುತ್ತದೆ. ಇದೇ ಜನ ಮಂತ್ರವಾದಿಯ ಬಳಿಗೂ ಡಾಕ್ಟರ ಬಳಿಗೂ ವಿರೋಧವೆಣಿಸದೆ ಹೋಗುತ್ತಾರೆಂಬುದೂ ಆ ಅಧ್ಯಯನದಿಂದ ತಿಳಿದುಬಂದಿತು.

ಕೋಟದ ಅನುಭವವನ್ನು ಹೊತ್ತು ನಿಮ್ಹಾನ್ಸಿಗೆ ಬಂದ ಕಪೂರರು 1975ರಲ್ಲಿ ಆರಂಭವಾದ ಸಮುದಾಯ ಮನೋವೈದ್ಯ ಘಟಕದ ಮೊದಲಿಗರಲ್ಲಿ ಒಬ್ಬರು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಈ ಘಟಕ ಕೈಗೊಂಡ ಪ್ರಯೋಗವನ್ನು ಸರಳವಾಗಿ ಹೀಗೆ ವಿವರಿಸಬಹುದು. ಮನೋವೈದ್ಯರ ಸಂಖ್ಯೆ ತೀರ ಕಡಿಮೆ. ಅವರು ಹೆಚ್ಚುವವರೆಗೆ ಕಾಯುವುದು ಸಾಧ್ಯವಿಲ್ಲ. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಆರೋಗ್ಯ ಕಾರ್ಯಕರ್ತೆಗೂ ತಿಳಿಸಬಹುದಾದಷ್ಟು ಮನೋವೈದ್ಯವನ್ನು ಮಾತ್ರ ಆರಿಸಿಕೊಳ್ಳಬೇಕು. ಎಲ್ಲ ರೋಗಗಳೂ ಬೇಡ. ಚಿತ್ತವಿಕಲತೆ, ಅಪಸ್ಮಾರ, ಬುದ್ಧಿಮಾಂದ್ಯ ಮೊದಲಾದ ಕೆಲವೇ ಸಾಕು. ಎಲ್ಲ ಔಷಧಗಳೂ ಬೇಡ. ಅಗ್ಗವಾಗಿ ಸಿಗುವ, ಅಪಾಯ ಕಡಿಮೆಯಿರುವ ಕೆಲವೇ ಸಾಕು. ರೋಗವನ್ನು ಗುರುತಿಸುವುದಕ್ಕೆ ಗ್ರಂಥಪಾಂಡಿತ್ಯ ಬೇಡ. ಆರೋಗ್ಯ ಕಾರ್ಯಕರ್ತೆ ಮನೆಯ ಜಗುಲಿಯಲ್ಲಿ ನಿಂತು ಕೇಳಬಹುದಾದ ಕೆಲವು ಪ್ರಶ್ನೆಗಳು ಸಾಕು. ಹೀಗೆ ಆರಿಸಿ ತೆಗೆದ ಸಾರವನ್ನು ಕೈಪಿಡಿಗಳಲ್ಲಿ ಅಡಕಮಾಡಲಾಯಿತು. ಕಪೂರ್, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಮೊದಲಾದವರು ಈ ಕಾರ್ಯದಲ್ಲಿ ಭಾಗಿಗಳು. ಇದೇ ಮಾದರಿಯ ಇನ್ನೊಂದು ಪ್ರಯೋಗ ಹರಿಯಾಣದ ರಾಯಪುರ ರಾಣಿಯಲ್ಲಿಯೂ ನಡೆದಿದ್ದು, ಇವೆರಡರ ಬಲದ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಒಂದು ಇಡೀ ಜಿಲ್ಲೆಯಲ್ಲಿ ಇದು ನಡೆದೀತೇ ಎಂಬುದನ್ನು ಪರೀಕ್ಷಿಸಲು ಆರಿಸಿದ ಜಿಲ್ಲೆ ಬಳ್ಳಾರಿ. 1985ರಿಂದ 1990ರವರೆಗೆ ನಡೆದ ಈ ಯೋಜನೆ ಈಗ ಭಾರತದ ಮನೋವೈದ್ಯ ಇತಿಹಾಸದಲ್ಲಿ ಬಳ್ಳಾರಿ ಮಾದರಿಯೆಂದೇ ಪ್ರಸಿದ್ಧವಾಗಿದೆ. ಜಿಲ್ಲೆಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ಪ್ರಾಥಮಿಕ ಕೇಂದ್ರಗಳಿಗೆ ಔಷಧದ ಪೂರೈಕೆ, ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಮನೋವೈದ್ಯ, ತಿಂಗಳು ತಿಂಗಳಿಗೆ ವರದಿ: ಯೋಜನೆಯ ಅಂಗಗಳು ಇವು. ಇವುಗಳಲ್ಲಿ ಹೊಗಳಿಕೆಗೆ ಪಾತ್ರವಾಗದೆ ಹೋದ ಅಂಗವೆಂದರೆ ವರದಿ. ರೋಗಿಗೊಂದು ದಾಖಲೆಯ ಚೀಟಿ, ಕೇಂದ್ರಕ್ಕೊಂದು ರಿಜಿಸ್ಟರು, ಔಷಧ ತೆಗೆದುಕೊಳ್ಳಲು ಬಾರದವರನ್ನು ಹುಡುಕಿ ಹೋಗಬೇಕೆಂಬ ಕಟ್ಟಳೆ, ಇವು ಮೇಲ್ನೋಟಕ್ಕೆ ಗುಮಾಸ್ತೆಯ ಕೆಲಸಗಳು. ಆದರೆ ಮನೋರೋಗವನ್ನು ಎಣಿಸಬಹುದಾದ, ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸಬಹುದಾದ ಸಂಗತಿಯಾಗಿ ಮಾಡಿದ್ದು ಈ ಗುಮಾಸ್ತೆಯ ಕೆಲಸವೇ. ಗಣಕಯಂತ್ರಕ್ಕೆ ಬೇಕಾದ್ದು ಅದೇ ತಾನೆ? ಅಂಕೆ ಕೊಡದೆ ಅಂಕೆಯ ಯಂತ್ರ ನಡೆಯುವುದಿಲ್ಲ.

ತುಂಗಭದ್ರೆಯ ಒಂದು ದಡದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಎದುರು ದಡದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿಗಳ ನೆಲ. ಒಂದೇ ನೀರಾವರಿ, ಒಂದೇ ಭತ್ತ, ಒಂದೇ ಮಾತು. ಆದರೂ ಹೊಳೆ ಜಿಲ್ಲೆಯ ಗಡಿಯಾದುದರಿಂದ ಬಳ್ಳಾರಿಯ ಯೋಜನೆ ಹೊಳೆಯನ್ನು ದಾಟಲಿಲ್ಲ. 1996ರಲ್ಲಿ ಭಾರತ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಮೊದಲು ಆರಿಸಿದ ಜಿಲ್ಲೆಗಳಿದ್ದುದು ಆಂಧ್ರಪ್ರದೇಶ, ಅಸ್ಸಾಂ, ರಾಜಸ್ಥಾನ, ತಮಿಳುನಾಡುಗಳಲ್ಲಿ. ಮಾದರಿಯನ್ನು ಕೊಟ್ಟ ಕರ್ನಾಟಕದ ಜಿಲ್ಲೆಗಳು ಅನಂತರ ಬಂದುವು. ಕಾರ್ಯಕ್ರಮ ಕರ್ನಾಟಕದ ಎಲ್ಲ ಜಿಲ್ಲೆಗಳನ್ನು ಮುಟ್ಟುವ ವೇಳೆಗೆ ಮೊಬೈಲು ಫೋನು ಅದಕ್ಕಿಂತ ಮೊದಲೇ ಅಲ್ಲಿಗೆ ತಲಪಿದ್ದಿತು.

ಇನ್ನು ತಂತಿಯ ಕಥೆಗೆ ಬರಬಹುದು. ದುಃಖಿಗಳಿಗೆ ದೂರವಾಣಿಯಿಂದ ನೆರವಾಗುವ ಸಂಘಟಿತ ಯತ್ನ ಲಂಡನ್ನಿನಲ್ಲಿ 1953ರಲ್ಲಿ ಛಾಡ್ ವರಾ ಎಂಬ ಪಾದ್ರಿ ತನ್ನ ಇಗರ್ಜಿಯ ಫೋನಿನಿಂದ ಆರಂಭಿಸಿದ್ದು. ಸಮಾರಿಟನ್ಸ್ ಎಂದು ಹೆಸರಾದ ಈ ಸಂಸ್ಥೆಯ ಸೇವಕರು ವೈದ್ಯರಲ್ಲ. ಕೇಳುವುದಷ್ಟೇ ಅವರ ವೃತ್ತಿ. ಅಮೆರಿಕದ ನೆಬ್ರಾಸ್ಕದಲ್ಲಿ ಸೆಸಿಲ್ ವಿಟ್ಸನ್ ಎಂಬ ಮನೋವೈದ್ಯ 1959ರಲ್ಲಿ ಎರಡೂ ಕಡೆಯವರು ಪರಸ್ಪರ ನೋಡಬಹುದಾದ ದೂರದರ್ಶನವನ್ನು ಚಿಕಿತ್ಸೆಗೆ ಬಳಸಿದನು. 1964ರಲ್ಲಿ ಅದು 112 ಮೈಲಿ ದೂರದ ಸರ್ಕಾರಿ ಮನೋರೋಗದ ಆಸ್ಪತ್ರೆಗೆ ಜೋಡಣೆಯಾಯಿತು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಗಣಕವಿಜ್ಞಾನಿ ಎಲೈಜಾ ಎಂಬ ಕ್ರಮವಿಧಿಯನ್ನು ಪ್ರಕಟಿಸಿದನು. ಟೈಪು ಮಾಡಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಮನೋವೈದ್ಯನಂತೆ ನಟಿಸುತ್ತಿದ್ದ ಯಂತ್ರ ಅದು. ಅದರೊಳಗೆ ತಿಳಿವಳಿಕೆಯೇನೂ ಇಲ್ಲವೆಂದು ಬಲ್ಲ ಅವನ ಕಾರ್ಯದರ್ಶಿಯೇ ಯಂತ್ರದೊಡನೆ ಏಕಾಂತ ಬೇಕೆಂದು ಅವನನ್ನು ಕೊಠಡಿಯಿಂದ ಹೊರಗೆ ಕಳಿಸಿದಳಂತೆ. ಇದರಿಂದ ಬೆಚ್ಚಿದ ವೈಜೆನ್‌ಬಾಮ್ 1976ರಲ್ಲಿ ಗಣಕಯಂತ್ರದ ಮಿತಿಗಳ ಮೇಲೆ ಒಂದು ಗ್ರಂಥವನ್ನೇ ಬರೆದನು. ಕೇಳುವ ಪಾದ್ರಿ, ಕಾಣುವ ವೈದ್ಯ, ನಟಿಸುವ ಯಂತ್ರ, ಈ ಮೂರು ಬೀಜಗಳೂ ಹದಿಮೂರು ವರ್ಷಗಳ ಅವಧಿಯಲ್ಲಿ ಬಿತ್ತಲ್ಪಟ್ಟುವೆಂಬುದು ಗಮನಾರ್ಹ.

ಕನ್ನಡನಾಡಿನಲ್ಲಿ ದೂರದ ಸಲಹೆ ಮೊದಲು ಬಂದದ್ದು ತಂತಿಯಿಂದಲ್ಲ, ಅಚ್ಚುಮನೆಯಿಂದ. ಕೊರವಂಜಿಯ ರಾಶಿಯವರೆಂದು ಕನ್ನಡಿಗರಿಗೆ ಪ್ರಿಯರಾದ ಡಾ. ಎಂ. ಶಿವರಾಂ ಅವರ ಮನಮಂಥನ ಎಂಬ ಮನೋವೈದ್ಯ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗೆಯ ಲೇಖಕನೊಬ್ಬನಿಗೆ ಅಳುವಿನ ಶಾಸ್ತ್ರಕ್ಕಾಗಿ ಬಂದ ಪ್ರಶಸ್ತಿ! ಸಕಲವಾರದ ತಂಡದಲ್ಲಿದ್ದ ಸಿ. ಆರ್. ಚಂದ್ರಶೇಖರರು ಅನಂತರದ ದಶಕಗಳಲ್ಲಿ ಮನಸ್ಸಿನ ಆರೋಗ್ಯದ ಮೇಲೆ ಕನ್ನಡದಲ್ಲಿ ಬರೆದ ಸಣ್ಣ ದೊಡ್ಡ ಪುಸ್ತಕಗಳು ನೂರನ್ನು ಎಂದೋ ದಾಟಿವೆ. ವಾಚಕರ ಪ್ರಶ್ನೆಗಳಿಗೆ ಪತ್ರಿಕೆಗಳಲ್ಲಿ ವೈದ್ಯರು ಉತ್ತರ ಬರೆಯುವ ಪದ್ಧತಿಯೂ ಹೀಗೆಯೇ ಬೆಳೆಯಿತು. ಊರು ಹೇಳದೆ, ಹೆಸರು ಹೇಳದೆ ಅಂಚೆಯ ಮೂಲಕ ಸಂಕಟ ತೋಡಿಕೊಳ್ಳುವ ಅಭ್ಯಾಸವನ್ನು ಸಹಾಯವಾಣಿಗೆ ಮೊದಲೇ ಕನ್ನಡ ಓದುಗರಿಗೆ ಕಲಿಸಿದ್ದು ಈ ಅಂಕಣಗಳು. ಆದರೆ ಓದು ಬಾರದವರಿಗೆ ಅವು ಸಲ್ಲಲಿಲ್ಲ.

ಗ್ರಾಮಾಂತರ ಭಾರತಕ್ಕೆಂದು ಸಿ-ಡಾಟ್ ಸಂಸ್ಥೆ ನಿರ್ಮಿಸಿದ ಸಣ್ಣ ದೂರವಾಣಿ ವಿನಿಮಯ ಕೇಂದ್ರ ಮೊದಲು ನೆಲೆಗೊಂಡದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಧೂಳನ್ನೂ ಬಿಸಿಲನ್ನೂ ತಡೆಯಬಲ್ಲ ಈ ಯಂತ್ರದಿಂದ ಹಳ್ಳಿಯ ಮಾತು ಮೊದಲ ಬಾರಿಗೆ ಅಂಕೆಗಳಾಗಿ ಪರಿವರ್ತನೆಯಾಗಿ ಹೊರಗೆ ಹೋಯಿತು. 2002ರಲ್ಲಿ ಬೆಂಗಳೂರಿನಲ್ಲಿ ಸಹಾಯ್ ಎಂಬ ಆತ್ಮಹತ್ಯಾ ನಿವಾರಣೆಯ ಸಹಾಯವಾಣಿ ಆರಂಭವಾಯಿತು. ಅದೇ ವರ್ಷ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಆಕಾಶಮಾರ್ಗದಲ್ಲಿ ಹೃದಯ ಮೊದಲು ಸಂಚರಿಸಿತು. ಮನಸ್ಸು ತನ್ನ ಸರದಿಗೆ ಕಾದಿದ್ದಿತು. 2013ರಲ್ಲಿ ಹುಬ್ಬಳ್ಳಿಯಲ್ಲಿ 104 ಎಂಬ ಆರೋಗ್ಯ ಸಹಾಯವಾಣಿ ತೆರೆದಾಗ ಉತ್ತರ ಕರ್ನಾಟಕದ ಹಳ್ಳಿಗನ ಕರೆಗೆ ಉತ್ತರ ಕರ್ನಾಟಕದ ಊರಿನಲ್ಲಿಯೇ ಉತ್ತರ ಸಿಗುವ ಕಾಲ ಬಂದಿತು.

2014ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದುವು. ಅವುಗಳನ್ನು ಜೊತೆಯಿಟ್ಟು ನೋಡುವುದು ಉಚಿತ. ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಕ್ರಮವನ್ನು ಆರಂಭಿಸಿತು. ಅದೇ ವರ್ಷ ನಿಮ್ಹಾನ್ಸ್, ಫೋನು ಮತ್ತು ಅಂತರ್ಜಾಲದ ಅತಿಬಳಕೆಯಿಂದ ಕಂಗೆಟ್ಟವರಿಗಾಗಿ ಷಟ್ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ದೇಶದಲ್ಲಿ ಅಂತಹದು ಅದೇ ಮೊದಲು. ಒಂದು ಕಡೆ ವೈದ್ಯ ಬಸ್ಸು ಹತ್ತಿ ರೋಗಿಯ ಬಳಿಗೆ ಹೋಗುತ್ತಿದ್ದಾನೆ. ಇನ್ನೊಂದು ಕಡೆ ರೋಗಿ ಯಂತ್ರದಿಂದ ಬಿಡುಗಡೆ ಬೇಡಿ ವೈದ್ಯನ ಬಳಿಗೆ ಬರುತ್ತಿದ್ದಾನೆ. ಔಷಧವಾಗಬೇಕಾದ ವಸ್ತು ಔಷಧವಾಗುವ ಮೊದಲೇ ವ್ಯಾಧಿಯಾಗಿಯೂ ಎಣಿಕೆಗೆ ಬಂದಿದ್ದಿತೆಂಬುದನ್ನು ಮರೆಯಬಾರದು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ ಅವುಗಳಲ್ಲಿಲ್ಲ, ಕೋಲಾರದಲ್ಲಿ ಪೂರ್ವಪರೀಕ್ಷೆ ಮಾತ್ರ ಆಯಿತು. ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆಯೆಂದೂ, ರೋಗಭೇದಕ್ಕೆ ಅನುಗುಣವಾಗಿ ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದೂ ಅದು ತಿಳಿಸಿತು. ಮುಂದೆ 2017ರ ಮಾನಸಿಕ ಆರೋಗ್ಯ ಶುಶ್ರೂಷಾ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ವಿಧಿಸಿತು. ಇದು 2018ರ ಮೇ 29ರಂದು ಜಾರಿಗೆ ಬಂದಿತು. ಈ ಕಾಯಿದೆಯ ದಾಖಲೆಗಳನ್ನು ನಿರ್ವಹಿಸುವುದಕ್ಕೆ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ನಿಮ್ಹಾನ್ಸೂ ಸರ್ಕಾರಕ್ಕಾಗಿ ನಿರ್ಮಿಸಿದ ಇ-ಮಾನಸ್ ಎಂಬ ಗಣಕವ್ಯವಸ್ಥೆ 2020ರಲ್ಲಿ ಬಳಕೆಗೆ ಬಂದಿತು. ಬಳ್ಳಾರಿಯ ಚೀಟಿಯೂ ರಿಜಿಸ್ಟರೂ ಗಣಕದ ಪರದೆಯ ಮೇಲೆ ಮೂಡಿದುವೆಂದು ಹೇಳಿದರೆ ತಪ್ಪಾಗಲಾರದು.

ಕೋವಿಡ್ ಮಹಾಮಾರಿ ನಿಧಾನವಾಗಿ ಸಾಗುತ್ತಿದ್ದುದನ್ನು ಒಮ್ಮೆಗೇ ಮುಂದಕ್ಕೆ ತಳ್ಳಿತು. ದೂರವೈದ್ಯಕ್ಕೆ ಸ್ಪಷ್ಟ ನಿಯಮಗಳಿಲ್ಲದೆ ವೈದ್ಯರು ಹಿಂಜರಿಯುತ್ತಿದ್ದರು. 2020ರ ಮಾರ್ಚ್ 25ರಂದು, ದೇಶ ಬಾಗಿಲು ಹಾಕಿಕೊಂಡ ದಿನವೇ, ಆ ನಿಯಮಗಳು ಹೊರಬಿದ್ದುವು. ದೂರಮನೋವೈದ್ಯಕ್ಕೆ ಪ್ರತ್ಯೇಕ ಮಾರ್ಗಸೂಚಿ ಅದೇ ವರ್ಷ ನಿಮ್ಹಾನ್ಸಿನಿಂದ ಬಂದಿತು; ನಿಮ್ಹಾನ್ಸಿನ ರಾಷ್ಟ್ರೀಯ ಸಹಾಯವಾಣಿಯೂ, ಸೆಪ್ಟೆಂಬರಿನಲ್ಲಿ ಕಿರಣ್ ಎಂಬ ಕೇಂದ್ರ ಸರ್ಕಾರದ ಸಹಾಯವಾಣಿಯೂ ತೆರೆದುವು. ಬೆಂಗಳೂರಿಗೂ ಹೈದರಾಬಾದಿಗೂ ಗುಳೆ ಹೋಗಿದ್ದ ರಾಯಚೂರು ಸೀಮೆಯ ಕೂಲಿಕಾರರು ಅದೇ ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳುತ್ತಿದ್ದರು. 2022ರ ಫೆಬ್ರುವರಿಯ ಆಯವ್ಯಯದಲ್ಲಿ ಘೋಷಿತವಾದ ಟೆಲಿ ಮಾನಸ್ ಅದೇ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನಿಂದ ಉದ್ಘಾಟಿತವಾಯಿತು. 20 ಭಾಷೆಗಳಲ್ಲಿ ಉತ್ತರಿಸುವ ಈ ವ್ಯವಸ್ಥೆಯಲ್ಲಿ ಮೊದಲು ಆಪ್ತಸಲಹೆಗಾರರು ಮಾತನಾಡುತ್ತಾರೆ. ಅಗತ್ಯವಾದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಮುಖಾಮುಖಿ ಚಿಕಿತ್ಸೆ ಬೇಕಾದರೆ ಜಿಲ್ಲೆಯ ಕಾರ್ಯಕ್ರಮಕ್ಕೆ ಕಳಿಸುತ್ತಾರೆ. 2024ರಲ್ಲಿ ಇದಕ್ಕೊಂದು ಮೊಬೈಲು ಆ್ಯಪೂ, ಕರ್ನಾಟಕವೂ ಸೇರಿದಂತೆ ಕೆಲವು ಪ್ರದೇಶಗಳಲ್ಲಿ ಮುಖ ನೋಡಿ ಮಾತನಾಡುವ ಸೌಲಭ್ಯವೂ ಬಂದುವು. 2025ರ ವೇಳೆಗೆ ದೇಶದಲ್ಲಿ ಈ ಸಂಖ್ಯೆಗೆ ಬಂದ ಕರೆಗಳು 20 ಲಕ್ಷವನ್ನು ಮೀರಿದುವು.

ಇಷ್ಟಾದ ಮೇಲೆ ಕಲ್ಮಲದಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದುಂಟು: ದೂರ ಕಡಿಮೆಯಾಯಿತೇ? ಆಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಮಧ್ಯರಾತ್ರಿಯಲ್ಲಿ ಕ್ರಿಮಿನಾಶಕದ ಡಬ್ಬಿಯನ್ನು ಕೈಯಲ್ಲಿ ಹಿಡಿದವನ ಪಾಲಿಗೆ ಆ ಕ್ಷಣದಲ್ಲಿ ಕೇಳುವ ಒಂದು ದನಿ ಎಷ್ಟು ದೊಡ್ಡದೆಂಬುದನ್ನು ಅಲ್ಲಗಳೆಯುವುದು ಕ್ರೌರ್ಯವಾದೀತು. ಸಕಲವಾರದ ಸಾರವನ್ನು ತಂತಿ ಚೆನ್ನಾಗಿಯೇ ಹೊರುತ್ತಿದೆ: ಗುರುತಿಸುವ ಪ್ರಶ್ನೆಗಳು, ಮೊದಲ ಸಲಹೆ, ಎಲ್ಲಿಗೆ ಹೋಗಬೇಕೆಂಬ ಸೂಚನೆ, ಮತ್ತು ದಾಖಲೆ. ಹೊರಲಾರದ ಸಂಗತಿಗಳು ಬೇರೆ.

ಮೊದಲನೆಯದು ಮಾತು. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದೆಂಬುದು ಸಂತೋಷದ ವಿಷಯ. ಆದರೆ ರಾಯಚೂರಿನ ಹೆಂಗಸು "ಜೀವ ಬ್ಯಾಸರ ಆಗ್ಯಾದ" ಎಂದಾಗ, ದಕ್ಷಿಣದ ಕಿವಿಗೆ ಅದು ಬೇಜಾರಾಗಿದೆ ಎಂಬಷ್ಟು ಸಣ್ಣ ದೂರಾಗಿ ಕೇಳಿಸಬಹುದು. ಬದುಕೇ ಸಾಕಾಗಿದೆಯೆಂಬ ಎಚ್ಚರಿಕೆಯ ಗಂಟೆ ಅದರಲ್ಲಿದೆಯೇ ಇಲ್ಲವೇ ಎಂಬುದು ದನಿಯ ಎಳೆತದಿಂದ, ಮುಂದಿನ ಮಾತಿನಿಂದ, ತಿಳಿಯಬೇಕು. "ಎದಿ ಬಡಕೊಳ್ತದ", "ನಿದ್ದಿ ಬರವಲ್ದು" ಎಂಬ ಮೈಯ ದೂರುಗಳ ಹಿಂದಿನ ಮನಸ್ಸನ್ನು ಹುಡುಕುವ ಕೆಲಸ ಕೋಟದಲ್ಲಿ ಕಪೂರರಿಗೆ ಎದುರಾದದ್ದೇ. ಕನ್ನಡ, ತೆಲುಗು, ಉರ್ದುಗಳು ಒಂದೇ ವಾಕ್ಯದಲ್ಲಿ ಹೆಣೆದುಕೊಳ್ಳುವ ಈ ಸೀಮೆಯಲ್ಲಿ, ಭಾಷೆಗೊಂದು ಗುಂಡಿ ಒತ್ತಬೇಕೆಂಬ ಏರ್ಪಾಡೇ ಸ್ವಲ್ಪ ಅಸ್ವಾಭಾವಿಕ. ಎಲೈಜಾಳ ವಂಶದ ಯಂತ್ರಗಳಂತೂ ಇನ್ನೂ ದೂರ. ವೈಸಾ ಎಂಬ ಸಂಭಾಷಣೆಯ ಆ್ಯಪು ಬೆಂಗಳೂರಿನಲ್ಲಿಯೇ ಹುಟ್ಟಿ, ಬ್ರಿಟನ್ನು ಅಮೆರಿಕಗಳಲ್ಲಿ ಹೆಸರು ಮಾಡಿದೆ. ಅದು ಮೊದಲು ಮಾತನಾಡಲು ಕಲಿತದ್ದು ಇಂಗ್ಲಿಷನ್ನು.

ಎರಡನೆಯದು ಏಕಾಂತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲು ಇದ್ದವರು ಶೇಕಡಾ 62ರಷ್ಟು. ಅಂತರ್ಜಾಲವನ್ನು ಎಂದಾದರೂ ಬಳಸಿದವರು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಗಂಡನ ಫೋನಿನಿಂದ ಗಂಡನ ಹೊಡೆತದ ವಿಷಯವನ್ನು ಹೇಳಿಕೊಳ್ಳಬೇಕಾದವಳಿಗೆ ಸಹಾಯವಾಣಿ ಎಷ್ಟು ಹತ್ತಿರವೆಂಬುದನ್ನು ವಾಚಕರೇ ಊಹಿಸಬಹುದು. ಇಬ್ಬರು ಕೋಣೆಯ ಒಂದೇ ಮನೆಯಲ್ಲಿ ಆರೇಳು ಮಂದಿ ಇರುವಾಗ, ಮಾತನಾಡುವುದಕ್ಕೆ ಹೊಲದ ಬದುವೇ ಗತಿ. ಬಳ್ಳಾರಿಯ ಮಾದರಿಯಲ್ಲಿ ಈ ಏಕಾಂತವನ್ನು ದೊರಕಿಸಿಕೊಡುತ್ತಿದ್ದವಳು ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ. ಮಗುವಿನ ಲಸಿಕೆಯ ನೆಪದಲ್ಲಿ ಬಂದವಳೊಡನೆ ಹಿತ್ತಲಲ್ಲಿ ನಿಂತು ಆಡುವ ಎರಡು ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೂರನೆಯದು, ಮನಸ್ಸಿನ ಹೊರಗಿರುವ ಕಾರಣಗಳು. ರೈತರ ಆತ್ಮಹತ್ಯೆಗಳನ್ನು ವಿಚಾರಿಸಿದ ಜಿ. ಕೆ. ವೀರೇಶ್ ಸಮಿತಿಯ 2002ರ ವರದಿ ಕುಡಿತ, ಮನೆಯ ಕಲಹ ಮೊದಲಾದುವಕ್ಕೆ ಒತ್ತುಕೊಟ್ಟು ಸಾಲ ಮತ್ತು ಬೆಲೆಗಳ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿತೆಂಬ ಟೀಕೆಗೆ ಗುರಿಯಾಯಿತು. ಅದೇ ವರ್ಷ ಡಿ. ಎಂ. ನಂಜುಂಡಪ್ಪ ಸಮಿತಿ ದೇವದುರ್ಗ, ಮಾನ್ವಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಎಣಿಸಿತು. ಒಂದೇ ವರ್ಷದ ಈ ಎರಡು ವರದಿಗಳನ್ನು ವಿದ್ಯಾರ್ಥಿಗಳು ಒಟ್ಟಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ. ಹತ್ತಿ ಕೈಕೊಟ್ಟವನ ನಿದ್ರಾಹೀನತೆಗೆ ಆಪ್ತಸಲಹೆ ಬೇಕು, ನಿಜ. ಸಲಹೆಯ ತಂತಿ ಹಿಡಿದಿರುವವರೇ ಸಾಲದ ಕಡತವನ್ನೂ ಹಿಡಿದಿರಬೇಕೆಂದು ಕೇಳುವುದು ಅತಿಯಾದೀತು. ಆದರೆ ತಂತಿ ಇದೆಯೆಂಬ ನೆಪದಲ್ಲಿ ಕಡತವನ್ನು ಮುಚ್ಚುವುದು ಅದಕ್ಕಿಂತ ಅತಿ.

ಕೊನೆಯದು ಕಟ್ಟಡವೇ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. 2018ರಲ್ಲಿ ಕೇಂದ್ರ ಸರ್ಕಾರ ಈ ಜಿಲ್ಲೆಯನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಆದರೂ ಏಮ್ಸ್ ತಮ್ಮಲ್ಲಿಯೇ ಸ್ಥಾಪನೆಯಾಗಬೇಕೆಂದು ರಾಯಚೂರಿನ ಜನ 2022ರ ಮೇ ತಿಂಗಳಿನಲ್ಲಿ ಧರಣಿ ಕೂತರು. ಆ ಧರಣಿ ಸಾವಿರ ದಿನಗಳನ್ನು ಮೀರಿತು. ಟೆಲಿ ಮಾನಸ್ ಉದ್ಘಾಟನೆಯಾದದ್ದು ಧರಣಿ ಆರಂಭವಾದ ಐದನೆಯ ತಿಂಗಳಿನಲ್ಲಿ. ಆ ಒಂದೇ ವರ್ಷ ಸರ್ಕಾರ ಒಂದು ಸಂಖ್ಯೆಯನ್ನು ಕೊಟ್ಟಿತು, ಜನ ಒಂದು ಕಟ್ಟಡವನ್ನು ಕೇಳಿದರು. ಜನರು ಕಾಲಕ್ಕೆ ಹಿಂದುಳಿದು ಕಲ್ಲುಗಾರೆಯನ್ನು ಕೇಳುತ್ತಿದ್ದಾರೆಂದು ತಿಳಿಯಬಾರದು. ತಂತಿಯ ಆಚೆಯವರು "ಹತ್ತಿರದ ಆಸ್ಪತ್ರೆಗೆ ಹೋಗಿ" ಎಂದಾಗ ಆ ಹತ್ತಿರವೆಂಬುದು ಎಲ್ಲಿದೆಯೆಂದು ಕೇಳುವ ಹಕ್ಕು ಅವರಿಗಿದೆ.

ಇತಿಹಾಸ ಸಂಶೋಧಕರಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಬಳ್ಳಾರಿಯ ಕಾಲದ ಚೀಟಿ, ರಿಜಿಸ್ಟರುಗಳು ಎಲ್ಲ ಕಚೇರಿಯ ಕಾಗದಗಳಂತೆ ಗೆದ್ದಲಿಗೂ ರದ್ದಿಗೂ ಹೋಗುವ ಜಾತಿಯವು. ಇನ್ನೊಂದು ಕಡೆ 14416ಕ್ಕೆ ಬರುವ ಪ್ರತಿಯೊಂದು ಕರೆಯೂ ದಿನ, ಹೊತ್ತು, ಭಾಷೆಗಳ ಗುರುತಿನೊಡನೆ ದಾಖಲಾಗುವಂತಹದು. ಒಂದು ಸೀಮೆಯ ಸಂಕಟದ ಇಷ್ಟು ವಿಪುಲವಾದ ದಾಖಲೆ ಹಿಂದೆ ಎಂದೂ ಇದ್ದಿಲ್ಲ. 2017ರ ಕಾಯಿದೆಯ 24ನೆಯ ಕಲಮು ರೋಗಿಯ ಗೋಪ್ಯತೆಯ ಹಕ್ಕನ್ನು ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಗೂ ಸ್ಪಷ್ಟವಾಗಿ ವಿಸ್ತರಿಸಿರುವುದರಿಂದ, ಈ ದಾಖಲೆ ಸಂಶೋಧಕನಿಗೆ ತೆರೆಯುವಂತಹದಲ್ಲ, ತೆರೆಯಲೂ ಬಾರದು. ಆದುದರಿಂದ ರಾಯಚೂರು ಸೀಮೆಯ ಈ ಅಧ್ಯಾಯವನ್ನು ಮುಂದೆ ಬರೆಯುವವರು ಆಕರಗಳನ್ನು ಬೇರೆಡೆ ಹುಡುಕಬೇಕಾಗುತ್ತದೆ: ಬಳ್ಳಾರಿಯಲ್ಲಿ ತರಬೇತಿ ಪಡೆದು ಈಗ ನಿವೃತ್ತರಾಗಿರುವ ಆರೋಗ್ಯ ಕಾರ್ಯಕರ್ತೆಯರ ನೆನಪಿನಲ್ಲಿ, ಮಂಗಳವಾರದ ಸರತಿಯಲ್ಲಿ ಕೂತ ಮನೆಯವರ ಮಾತಿನಲ್ಲಿ, ಔಷಧದ ಅಂಗಡಿಯ ಲೆಕ್ಕದಲ್ಲಿ. ಇವರಲ್ಲಿ ಮೊದಲನೆಯವರಿಗೆ ವಯಸ್ಸಾಗುತ್ತಿದೆ. ಮಾನ್ವಿ, ದೇವದುರ್ಗ, ಸಿಂಧನೂರು, ಸಿರುಗುಪ್ಪಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಓದುತ್ತಿರುವವರಿಗೆ ಅವರ ಮನೆಗಳು ದೂರವಲ್ಲ.